ಮೊದಲು ಹಾರಾಟ, ಆಮೇಲೆ ಅನುಮತಿ: ಬಿಜು ಪಟ್ನಾಯಕ್ ಎಂಬ ಪ್ರಕರಣ

ಸಿಂಗಪುರದಿಂದ ಜಾವಾ ದ್ವೀಪದ ಯೋಗ್ಯಕರ್ತಾಕ್ಕೆ ಭೂಪಟದ ಮೇಲೆ ನೇರ ಗೆರೆ ಎಳೆದರೆ ಸುಮಾರು 1,250 ಕಿಲೋಮೀಟರ್. ಡಕೋಟಾ ವಿಮಾನ ಟ್ಯಾಂಕು ತುಂಬಿಸಿಕೊಂಡು ಹೊರಟರೆ ಹೆಚ್ಚು ಕಡಿಮೆ 2,400 ಕಿಲೋಮೀಟರ್ ಹಾರುತ್ತದೆ. ಹೋಗಿ ಬರಲು 2,500 ಬೇಕು. ಹೋಗುವುದೇನೋ ಸರಿ, ಬರುವುದು ಲೆಕ್ಕಕ್ಕೆ ಸಿಗುವುದಿಲ್ಲ. 1947ರ ಜುಲೈನಲ್ಲಿ ಈ ಲೆಕ್ಕ ಗೊತ್ತಿದ್ದೂ ಹೊರಟ ಪೈಲಟ್‌ಗೆ ಆಗ 31 ವರ್ಷ. ಆತ ಒಡಿಶಾ ವಿಧಾನಸಭೆಯ ಸದಸ್ಯ, ವಿಮಾನ ಕಂಪನಿಯೊಂದರ ಮಾಲೀಕ, ಹಿಂದೊಮ್ಮೆ ಬ್ರಿಟಿಷರ ವಾಯುಪಡೆಯಲ್ಲಿ ಸೇವೆ ಸಲ್ಲಿಸಿ ಅದೇ ಬ್ರಿಟಿಷರ ಜೈಲನ್ನೂ ಕಂಡವನು. ಹೆಸರು ಬಿಜಯಾನಂದ ಪಟ್ನಾಯಕ್. ಊರಿಗೆಲ್ಲ ಬಿಜು, ಮುಂದೆ ಎರಡು ಸಲ ಒಡಿಶಾದ ಮುಖ್ಯಮಂತ್ರಿ.

ವಾಯುಪಡೆಯಿಂದ ರಾಜಕೀಯಕ್ಕೆ ಬಂದವರು ನಮ್ಮಲ್ಲಿ ಹಲವರಿದ್ದಾರೆ. ರಾಜೇಶ್ ಪೈಲಟ್ ವೃತ್ತಿಯನ್ನೇ ಹೆಸರಿಗೆ ಅಂಟಿಸಿಕೊಂಡರು. ಸುರೇಶ್ ಕಲ್ಮಾಡಿ, ತೆಲಂಗಾಣದ ಉತ್ತಮ್ ಕುಮಾರ್ ರೆಡ್ಡಿ ಕೂಡ ಅದೇ ದಾರಿಯವರು. ಅವರೆಲ್ಲ ಸಮವಸ್ತ್ರ ಬಿಚ್ಚಿಟ್ಟು ಖಾದಿ ತೊಟ್ಟವರು. ಬಿಜು ಖಾದಿ ತೊಟ್ಟ ಮೇಲೂ ಕಾಕ್‌ಪಿಟ್‌ನಿಂದ ಇಳಿಯಲಿಲ್ಲ. ಅವರನ್ನು ಈ ಅಧ್ಯಯನಕ್ಕೆ ಆರಿಸಿಕೊಂಡಿದ್ದಕ್ಕೆ ಕಾರಣ ಅದೇ. ಕಾಕ್‌ಪಿಟ್‌ನಲ್ಲಿ ತೀರ್ಮಾನ ಒಬ್ಬನದು, ಸಮಯ ನಿಮಿಷಗಳದು, ತಪ್ಪಿದರೆ ಬೆಲೆ ತಕ್ಷಣದ್ದು. ಸರ್ಕಾರದಲ್ಲಿ ತೀರ್ಮಾನ ಹಲವರದು, ಸಮಯ ವರ್ಷಗಳದು, ತಪ್ಪಿದರೆ ಬೆಲೆ ತೆರುವವರು ಬೇರೆಯವರು. ಮೊದಲನೆಯ ಕಡೆ ಬೆಳೆದ ಅಭ್ಯಾಸವನ್ನು ಎರಡನೆಯ ಕಡೆಗೆ ಹೊತ್ತು ತಂದವನಿಗೆ ಏನಾಗುತ್ತದೆ? ಆ ಜುಲೈ ಹಾರಾಟವನ್ನು ನಡುವಿನಲ್ಲಿಟ್ಟುಕೊಂಡು ನೋಡುತ್ತೇನೆ.

ಎರಡು ಸರಕು ಹೊತ್ತ ವಿಮಾನ

ಬಾಲ್ಯವನ್ನು ಬೇಗ ಮುಗಿಸಬಹುದು. ಹುಟ್ಟಿದ್ದು 1916ರ ಮಾರ್ಚ್ 5ರಂದು, ಕಟಕ್‌ನಲ್ಲಿ. ಓದಿದ್ದು ಅಲ್ಲಿಯ ರಾವೆನ್‌ಶಾ ಕಾಲೇಜಿನಲ್ಲಿ. ಪದವಿ ಮುಗಿಸುವ ತಾಳ್ಮೆಯಿಲ್ಲದೆ ವಿಮಾನ ಕಲಿಯಲು ಓಡಿದರು. ಗೆಳೆಯರನ್ನು ಕಟ್ಟಿಕೊಂಡು ಕಟಕ್‌ನಿಂದ ಪೇಶಾವರದವರೆಗೆ ಸೈಕಲ್ ತುಳಿದ ಕಥೆಯೂ ಇದೇ ವಯಸ್ಸಿನದು. ಮದುವೆಯಾದ ಪಂಜಾಬಿನ ಜ್ಞಾನ್ ಕೂಡ ವಿಮಾನ ಹಾರಿಸಲು ಕಲಿತಿದ್ದವರು. ಆ ಮನೆಯಲ್ಲಿ ಹವಾಮಾನದ ಮಾತಿಗೆ ಬರವಿರಲಿಲ್ಲ ಎಂದುಕೊಳ್ಳೋಣ.

ಎರಡನೆಯ ಮಹಾಯುದ್ಧ ಬಂತು. ಬಿಜು ಇಂಡಿಯನ್ ಏರ್ ಫೋರ್ಸ್ ಸೇರಿ ಸಾಗಣೆ ವಿಭಾಗದ ಹೊಣೆ ಹೊತ್ತರು. ಫೈಟರ್ ಪೈಲಟ್ ಅಲ್ಲ, ಸಾಗಣೆ ಪೈಲಟ್ ಎಂಬುದನ್ನು ಇಲ್ಲಿ ಗಮನಿಸಬೇಕು. ಫೈಟರ್‌ನವನು ಹೊಡೆದು ಬರುತ್ತಾನೆ. ಸಾಗಣೆಯವನು ಇಳಿಯಬೇಕು. ಅಪರಿಚಿತ ನೆಲದ ಮೇಲೆ ಇಳಿದು, ಜನರನ್ನೋ ಸರಕನ್ನೋ ಹತ್ತಿಸಿಕೊಂಡು, ಭಾರದ ಲೆಕ್ಕ ಹಾಕಿ ಮತ್ತೆ ಏಳಬೇಕು. ಬಿಜು ಅವರ ಮುಂದಿನ ಬದುಕೆಲ್ಲ ಈ ಎರಡನೆಯ ಜಾತಿಯದು.

1942ರಲ್ಲಿ ಜಪಾನೀಯರು ಬರ್ಮಾಕ್ಕೆ ನುಗ್ಗಿದಾಗ ರಂಗೂನಿನಿಂದ ಬ್ರಿಟಿಷ್ ಕುಟುಂಬಗಳನ್ನು ಹೊತ್ತು ತಂದವರಲ್ಲಿ ಅವರೂ ಒಬ್ಬರು. ಅದೇ ಕಾಲಕ್ಕೆ ಭಾರತೀಯ ಸೈನಿಕರ ನೆಲೆಗಳ ಮೇಲೆ 'ಕ್ವಿಟ್ ಇಂಡಿಯಾ' ಕರಪತ್ರಗಳನ್ನು ಉದುರಿಸಿದ್ದೂ ಅವರೇ. ಭೂಗತರಾಗಿದ್ದ ಜಯಪ್ರಕಾಶ ನಾರಾಯಣ, ರಾಮಮನೋಹರ ಲೋಹಿಯಾ, ಅರುಣಾ ಆಸಫ್ ಅಲಿ ಅವರಂಥವರು ಅವರ ವಿಮಾನದಲ್ಲಿ ಗುಟ್ಟಾಗಿ ಓಡಾಡಿದರು. ಒಂದೇ ವಿಮಾನ, ಒಂದೇ ಪೈಲಟ್, ಎರಡು ಸರಕು: ಒಂದು ದೊರೆಗೆ ಬೇಕಾದದ್ದು, ಇನ್ನೊಂದು ದೊರೆಯನ್ನು ಕಳಿಸುವುದಕ್ಕೆ ಬೇಕಾದದ್ದು. ಗುಟ್ಟು ಹೆಚ್ಚು ದಿನ ಉಳಿಯಲಿಲ್ಲ. 1943ರಲ್ಲಿ ಬಂಧನವಾಯಿತು, ಹೊರಗೆ ಬರುವ ಹೊತ್ತಿಗೆ ಯುದ್ಧ ಮುಗಿಯುತ್ತಿತ್ತು.

ಇದನ್ನು ಬರಿಯ ದೇಶಪ್ರೇಮದ ಕಥೆಯಾಗಿ ಓದಿ ಮುಗಿಸುವುದು ಸುಲಭ. ನನಗೆ ಇದರಲ್ಲಿ ಒಂದು ಪದ್ಧತಿ ಕಾಣುತ್ತದೆ. ಸೇನೆಯ ಸಮವಸ್ತ್ರದಲ್ಲಿದ್ದುಕೊಂಡು ಸೇನೆಯ ವಿಮಾನದಿಂದಲೇ ಬಂಡಾಯದ ಕಾಗದ ಎಸೆಯುವವನು ನಿಯಮವನ್ನು ಕುರುಡಾಗಿ ಮುರಿಯುವವನಲ್ಲ. ನಿಯಮ ಎಲ್ಲಿಯವರೆಗೆ ತನ್ನ ಕೆಲಸಕ್ಕೆ ಬರುತ್ತದೋ ಅಲ್ಲಿಯವರೆಗೆ ಅದರಲ್ಲಿ ಇದ್ದು, ಬರದಾದಾಗ ಅದನ್ನು ಪಕ್ಕಕ್ಕೆ ಸರಿಸುವವನು. ಈ ಸ್ವಭಾವ ಮುಂದೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ.

ಆ ಹಾರಾಟ

ಇಂಡೊನೇಷ್ಯಾದ ಸ್ವಾತಂತ್ರ್ಯ ಘೋಷಣೆಯಾದದ್ದು 1945ರ ಆಗಸ್ಟ್ 17ರಂದು. ಹಳೆಯ ಯಜಮಾನರಾದ ಡಚ್ಚರು ಅದನ್ನು ಒಪ್ಪಲಿಲ್ಲ. 1947ರ ಮಾರ್ಚ್‌ನಲ್ಲಿ ಲಿಂಗರ್ಜಾತಿ ಒಪ್ಪಂದಕ್ಕೆ ಸಹಿ ಬಿತ್ತು, ನಾಲ್ಕು ತಿಂಗಳಲ್ಲಿ ಅದು ಕಸದ ಬುಟ್ಟಿ ಸೇರಿತು. ಜುಲೈ 20ರ ನಡುರಾತ್ರಿ ಡಚ್ ಸೇನೆ ಜಾವಾ, ಸುಮಾತ್ರಾಗಳಲ್ಲಿ ಗಣರಾಜ್ಯದ ನೆಲದ ಮೇಲೆ ನುಗ್ಗಿತು. ಅದಕ್ಕೆ ಅವರು ಇಟ್ಟ ಹೆಸರು 'ಪೊಲೀಸ್ ಕಾರ್ಯಾಚರಣೆ'. ಯುದ್ಧ ಎಂದರೆ ವಿಶ್ವಸಂಸ್ಥೆಗೆ ಉತ್ತರ ಕೊಡಬೇಕು, ಪೊಲೀಸ್ ಕೆಲಸ ಎಂದರೆ ಮನೆಯ ಜಗಳ. ಈ ಪದದ ಆಟವನ್ನು ಒಡೆಯಬೇಕಾದರೆ ಇಂಡೊನೇಷ್ಯಾದವರೇ ಯಾರಾದರೂ ಹೊರಗೆ ಬಂದು ಜಗತ್ತಿನ ಮುಂದೆ ನಿಂತು ಮಾತನಾಡಬೇಕಿತ್ತು. ಆಗಷ್ಟೇ ಪ್ರಧಾನಿ ಸ್ಥಾನ ಬಿಟ್ಟಿದ್ದ ಸುತನ್ ಶಹ್ರೀರ್ ಆ ಕೆಲಸಕ್ಕೆ ತಕ್ಕವರು. ಆದರೆ ಸಮುದ್ರದ ಮೇಲೂ ಆಕಾಶದ ಮೇಲೂ ಡಚ್ಚರ ಕಾವಲು.

ನೆಹರೂ ಅವರಿಗೆ ಇದ್ದ ದಾರಿಗಳಾದರೂ ಎಷ್ಟು? ಆಗ ಅವರು ಮಧ್ಯಂತರ ಸರ್ಕಾರದ ಮುಖ್ಯಸ್ಥರು. ದೇಶಕ್ಕೆ ಸ್ವಾತಂತ್ರ್ಯ ಬರಲು ಇನ್ನೂ ಮೂರು ವಾರಗಳಿದ್ದವು. ವಾಯುಪಡೆ ಬ್ರಿಟಿಷ್ ಅಧಿಕಾರಿಗಳ ಕೈಯಲ್ಲಿ, ಬ್ರಿಟನ್ನಿಗೆ ಹಾಲೆಂಡ್ ಮಿತ್ರರಾಷ್ಟ್ರ. ವಾಯುಪಡೆಯ ವಿಮಾನ ಕಳಿಸಿದರೆ ಅದು ರಾಜ್ಯವೊಂದರ ಕೃತ್ಯವಾಗುತ್ತದೆ, ಹೊಡೆದುರುಳಿಸಿದರೆ ಬಿಕ್ಕಟ್ಟು. ಸುಮ್ಮನೆ ಕೂತರೆ ಕೆಲವೇ ತಿಂಗಳ ಹಿಂದೆ, ಮಾರ್ಚ್ ಕೊನೆಯಲ್ಲಿ, ದೆಹಲಿಯ ಏಷ್ಯಾ ಬಾಂಧವ್ಯ ಸಮ್ಮೇಳನದಲ್ಲಿ ಆಡಿದ ಮಾತೆಲ್ಲ ಭಾಷಣವಾಗಿ ಉಳಿಯುತ್ತದೆ. ಇವೆರಡರ ನಡುವೆ ಬೇಕಿದ್ದದ್ದು ಖಾಸಗಿ ವಿಮಾನ ಮತ್ತು ಒಬ್ಬ ಖಾಸಗಿ ಹುಚ್ಚ.

ಬಿಜು ಬಳಿ ಕಳಿಂಗ ಏರ್‌ಲೈನ್ಸ್‌ನ ಡಕೋಟಾಗಳಿದ್ದವು. ಯುದ್ಧ ಮುಗಿದ ಮೇಲೆ ಅಮೆರಿಕನ್ನರು ಏಷ್ಯಾದಲ್ಲೆಲ್ಲ ಬಿಟ್ಟುಹೋದ ಆ ಎರಡು ಎಂಜಿನ್‌ಗಳ ಸಾಗಣೆ ವಿಮಾನ ಆಗಿನ ಕಾಲಕ್ಕೆ ಒಂದು ರೀತಿಯಲ್ಲಿ ಲಾರಿಯೇ. ನೆಲದ ಮೇಲೆ ನಿಂತಾಗ ಅದರ ಮೂಗು ಮೇಲೆ, ಬಾಲ ಕೆಳಗೆ. ಹಿಂದಿನ ಬಾಗಿಲಲ್ಲಿ ಹತ್ತಿ ಕಾಕ್‌ಪಿಟ್‌ಗೆ ಹೋಗುವುದೆಂದರೆ ಸಣ್ಣ ದಿಬ್ಬ ಏರಿದ ಹಾಗೆ. ಕೂತ ಪೈಲಟ್‌ಗೆ ಮುಂದಿನ ರನ್‌ವೇ ಕಾಣುವುದಿಲ್ಲ, ಬರಿಯ ಆಕಾಶ ಕಾಣುತ್ತದೆ. ವೇಗ ಹಿಡಿದು ಬಾಲ ಮೇಲೆದ್ದಾಗಲೇ ನೆಲ ಕಣ್ಣಿಗೆ ಬೀಳುವುದು. ಆದರೆ ಹುಲ್ಲು, ಮಣ್ಣು, ಜಲ್ಲಿ ಯಾವುದಾದರೂ ಸರಿ, ಒಂದಿಷ್ಟು ಸಪಾಟು ನೆಲ ಕೊಟ್ಟರೆ ಇಳಿಯುತ್ತದೆ, ಏಳುತ್ತದೆ.

ಡಚ್ಚರ ಕಾವಲನ್ನು ದಾಟಿ ಜಾವಾದಲ್ಲಿ ಇಳಿದ ಆ ಡಕೋಟಾ, ಶಹ್ರೀರ್ ಅವರನ್ನು ಹತ್ತಿಸಿಕೊಂಡು ಸಿಂಗಪುರದ ಮೂಲಕ ಜುಲೈ 24ರ ಹೊತ್ತಿಗೆ ಭಾರತ ಮುಟ್ಟಿತು. ಇಂಧನದ ಲೆಕ್ಕ ಹೇಗೆ ಸರಿಹೋಯಿತು ಎಂಬುದಕ್ಕೆ ಎಲ್ಲರೂ ಹೇಳುವ ಉತ್ತರ ಒಂದೇ: ಜಪಾನೀಯರು ಸೋತು ಹೋಗುವಾಗ ಬಿಟ್ಟಿದ್ದ ಪೀಪಾಯಿಗಳಿಂದ ಟ್ಯಾಂಕು ತುಂಬಿಸಲಾಯಿತು. ಮೇಲಿನ ಅಂಕಗಣಿತ ನೋಡಿದರೆ ಜಾವಾದಲ್ಲಿ ಇಂಧನ ಸಿಗದೆ ಈ ಪ್ರಯಾಣ ಆಗುವಂತೆಯೇ ಇರಲಿಲ್ಲ. ಅಲ್ಲಿ ಸಿಗುತ್ತದೆ ಎಂಬ ನಂಬಿಕೆಯ ಮೇಲೆ ಇಲ್ಲಿಂದ ಹೊರಡುವುದು, ಇದೇ ನಾನು ಹೇಳುತ್ತಿರುವ ಪದ್ಧತಿ.

ಈ ಪ್ರಕರಣದ ಬಗ್ಗೆ ಬರೆದವರು ಒಂದಿಷ್ಟು ಗೋಜಲನ್ನೂ ಬಿಟ್ಟುಹೋಗಿದ್ದಾರೆ. ಶಹ್ರೀರ್ ಅವರನ್ನು ಏಷ್ಯಾ ಬಾಂಧವ್ಯ ಸಮ್ಮೇಳನಕ್ಕೆ ಕರೆತರಲು ಬಿಜು ಜುಲೈನಲ್ಲಿ ಹೋದರು ಎಂದು ಎಷ್ಟೋ ಕಡೆ ಅಚ್ಚಾಗಿದೆ. ಸಮ್ಮೇಳನ ಏಪ್ರಿಲ್ 2ಕ್ಕೇ ಮುಗಿದಿತ್ತು. ವಿಮಾನ ಜಕಾರ್ತಾದ ಬಳಿ ಇಳಿಯಿತು ಎಂದು ಕೆಲವರು ಬರೆಯುತ್ತಾರೆ. ಜಕಾರ್ತಾ ಆಗ ಡಚ್ಚರ ಕೈಯಲ್ಲಿತ್ತು, ಗಣರಾಜ್ಯದ ರಾಜಧಾನಿ 1946ರಿಂದಲೇ ಯೋಗ್ಯಕರ್ತಾಕ್ಕೆ ಹೋಗಿತ್ತು. ಉಪಾಧ್ಯಕ್ಷ ಮೊಹಮ್ಮದ್ ಹತ್ತಾ ಕೂಡ ಅದೇ ವಿಮಾನದಲ್ಲಿ ಶಹ್ರೀರ್ ಪಕ್ಕ ಕೂತು ಬಂದರು ಎಂಬುದು ಇನ್ನೊಂದು ಮಾತು. ಹತ್ತಾ ಆ ದಿನಗಳಲ್ಲಿ ಇದ್ದದ್ದು ಸುಮಾತ್ರಾದಲ್ಲಿ. ಅವರೂ ಬಿಜು ಅವರ ವಿಮಾನದಲ್ಲೇ ಗುಟ್ಟಾಗಿ ಭಾರತಕ್ಕೆ ಬಂದು ಹೋದರು, ಆದರೆ ಸಹಪೈಲಟ್‌ನ ವೇಷದಲ್ಲಿ, ಅಬ್ದುಲ್ಲಾ ಎಂಬ ಹೆಸರಿನಲ್ಲಿ. ಗಂಭೀರ ಮುಖದ, ದಪ್ಪ ಕನ್ನಡಕದ ಹತ್ತಾ ಪೈಲಟ್ ಪಕ್ಕದ ಸೀಟಿನಲ್ಲಿ ಕೂತು ಮೀಟರುಗಳನ್ನು ದಿಟ್ಟಿಸುತ್ತಿದ್ದ ದೃಶ್ಯ ನನಗೆ ಶಹ್ರೀರ್ ಕಥೆಗಿಂತ ಹೆಚ್ಚು ಇಷ್ಟ. ಹೇಳುವವರ ಬಾಯಲ್ಲಿ ಎರಡು ಹಾರಾಟ ಬೆರೆತು ಒಂದಾಗಿವೆ. ಬೆರೆಸಿದ್ದರಿಂದ ಸಾಹಸ ದೊಡ್ಡದಾಗಲಿಲ್ಲ, ಚಿಕ್ಕದಾಯಿತು.

ಇಂಡೊನೇಷ್ಯಾದ ಅಧ್ಯಕ್ಷ ಸುಕಾರ್ನೋ ಅವರ ಮಗಳಿಗೆ 'ಮೇಘಾವತಿ' ಎಂದು ಹೆಸರು ಸೂಚಿಸಿದ್ದು ಬಿಜು ಎಂಬುದೂ ಜನಪ್ರಿಯ. ಮೋಡ ಮಳೆಯ ದಿನ ಹುಟ್ಟಿದ ಮಗುವಿಗೆ ಪೈಲಟ್ ಒಬ್ಬ ಮೋಡದ ಹೆಸರಿಟ್ಟ ಎಂದರೆ ಯಾರಿಗೆ ತಾನೇ ಹಿತವಾಗುವುದಿಲ್ಲ! ಮೇಘಾವತಿ ಹುಟ್ಟಿದ್ದು 1947ರ ಜನವರಿ 23ರಂದು. ಜುಲೈ ಹಾರಾಟದ ಹೊತ್ತಿಗೆ ಕೂಸಿಗೆ ಆರು ತಿಂಗಳು. ಆ ಪಯಣದಲ್ಲೇ ನಾಮಕರಣವೂ ಆಯಿತು ಎಂದು ಹೇಳುವವರು ಕ್ಯಾಲೆಂಡರ್ ನೋಡುವುದು ಒಳ್ಳೆಯದು.

ಹಾರಾಟದ ಫಲ, ಹಾರಾಟದ ಬೆಲೆ

ಫಲ ಬೇಗ ಬಂತು. ಜುಲೈ 30ರಂದು ಭಾರತ ಮತ್ತು ಆಸ್ಟ್ರೇಲಿಯಾ ವಿಷಯವನ್ನು ಭದ್ರತಾ ಮಂಡಳಿಗೆ ಒಯ್ದವು. ಆಗಸ್ಟ್ 1ರಂದು ಕದನ ವಿರಾಮಕ್ಕೆ ಕರೆ ಕೊಡುವ ನಿರ್ಣಯ ಬಂತು. ಆಗಸ್ಟ್ 14ರಂದು ಶಹ್ರೀರ್ ನ್ಯೂಯಾರ್ಕ್ ಬಳಿಯ ಲೇಕ್ ಸಕ್ಸೆಸ್‌ನಲ್ಲಿ ಮಂಡಳಿಯ ಮುಂದೆ ನಿಂತು ಮಾತನಾಡಿದರು. ಮಾರನೆಯ ದಿನ ಭಾರತಕ್ಕೆ ಸ್ವಾತಂತ್ರ್ಯ. ಡಚ್ಚರು 'ಪೊಲೀಸ್' ಎಂದು ಕರೆದದ್ದನ್ನು ಜಗತ್ತು ಆ ಹೆಸರಿನಿಂದ ನೋಡಲಿಲ್ಲ. ಕೊನೆಗೆ 1949ರ ಡಿಸೆಂಬರ್‌ನಲ್ಲಿ ಅಧಿಕಾರ ಬಿಟ್ಟುಕೊಟ್ಟರು.

ಬೆಲೆಯ ಮಾತು ಮಾತ್ರ ಭಾರತದಲ್ಲಿ ಕೇಳಿಬರುವುದು ಕಡಿಮೆ. ಜುಲೈ 29ರ ಸಂಜೆ ಬಿಜು ಅವರದೇ ಮತ್ತೊಂದು ಡಕೋಟಾ, ನೋಂದಣಿ ಸಂಖ್ಯೆ ವಿಟಿ-ಸಿಎಲ್‌ಎ, ಸಿಂಗಪುರದಿಂದ ಮಲಯ ರೆಡ್‌ಕ್ರಾಸ್ ಕೊಟ್ಟ ಔಷಧಿಗಳನ್ನು ಹೊತ್ತು ಯೋಗ್ಯಕರ್ತಾದ ಮಗುವೋ ವಿಮಾನ ನಿಲ್ದಾಣದತ್ತ ಬರುತ್ತಿತ್ತು. ಅದೇ ದಿನ ಬೆಳಗಿನ ಜಾವ ಇಂಡೊನೇಷ್ಯಾದ ಎಳೆಯ ವಾಯುಪಡೆಯ ಕೆಡೆಟ್‌ಗಳು ಸೆಮರಾಂಗ್ ಮತ್ತಿತರ ಕಡೆ ಡಚ್ ನೆಲೆಗಳ ಮೇಲೆ ಬಾಂಬ್ ಹಾಕಿ ಬಂದಿದ್ದರು. ಇಳಿಯಲು ಬಾಗುತ್ತಿದ್ದ ಡಕೋಟಾದ ಮೇಲೆ ಡಚ್ಚರ ಎರಡು ಕಿಟ್ಟಿಹಾಕ್ ವಿಮಾನಗಳು ಗುಂಡಿನ ಮಳೆ ಸುರಿಸಿದವು. ಅದು ಙೊತೊ ಎಂಬ ಹಳ್ಳಿಯ ಬಳಿ ಬಿತ್ತು. ಒಳಗಿದ್ದ ಒಂಬತ್ತು ಜನರಲ್ಲಿ ಉಳಿದವನು ಒಬ್ಬ. ಸತ್ತವರಲ್ಲಿ ಆಸ್ಟ್ರೇಲಿಯಾದ ಪೈಲಟ್, ಬ್ರಿಟಿಷ್ ಸಹಪೈಲಟ್, ಒಬ್ಬ ಭಾರತೀಯ, ಜೊತೆಗೆ ಇಂಡೊನೇಷ್ಯಾ ವಾಯುಪಡೆಯನ್ನು ಕಟ್ಟಿದ ಆದಿಸುಚಿಪ್ತೋ, ಅಬ್ದುಲ್‌ರಹಮಾನ್ ಸಾಲೆಹ್, ಆದಿಸುಮರ್ಮೋ. ಯೋಗ್ಯಕರ್ತಾ, ಮಲಾಂಗ್, ಸೋಲೋ ನಗರಗಳ ವಿಮಾನ ನಿಲ್ದಾಣಗಳಿಗೆ ಈ ಮೂವರ ಹೆಸರು. ಜುಲೈ 29ನ್ನು ಇಂಡೊನೇಷ್ಯಾ ವಾಯುಪಡೆ ಇಂದಿಗೂ ಸ್ಮರಣೆಯ ದಿನವಾಗಿ ಆಚರಿಸುತ್ತದೆ.

ಐದಾರು ದಿನಗಳ ಅಂತರದಲ್ಲಿ ಒಂದೇ ಮಾಲೀಕನ ಎರಡು ವಿಮಾನ, ಒಂದೇ ಆಕಾಶ. ಒಂದು ಇತಿಹಾಸ ಸೇರಿತು, ಇನ್ನೊಂದು ಗದ್ದೆಯಲ್ಲಿ ಬಿತ್ತು. ಬಿಜು ಕೌಶಲವನ್ನು ಕಡಿಮೆ ಮಾಡಲು ಇದನ್ನು ಹೇಳುತ್ತಿಲ್ಲ. ಆದರೆ ಅವರ ಹಾರಾಟವನ್ನು 'ಹೀಗೆ ಮಾಡಿದರೆ ಹೀಗಾಗುತ್ತದೆ' ಎಂಬ ಪಾಠವಾಗಿ ಹೇಳುವವರು ವಿಟಿ-ಸಿಎಲ್‌ಎ ಕಥೆಯನ್ನೂ ಜೊತೆಗಿಟ್ಟು ಹೇಳಬೇಕು.

ಮೂರು ತಿಂಗಳಿಗೆ ಶ್ರೀನಗರ. 1947ರ ಅಕ್ಟೋಬರ್ 27ರ ಬೆಳಿಗ್ಗೆ ಲೆಫ್ಟಿನೆಂಟ್ ಕರ್ನಲ್ ದಿವಾನ್ ರಂಜಿತ್ ರಾಯ್ ನೇತೃತ್ವದ ಮೊದಲನೆಯ ಸಿಖ್ ಬೆಟಾಲಿಯನ್ ಡಕೋಟಾಗಳಲ್ಲಿ ಹೋಗಿ ಅಲ್ಲಿ ಇಳಿಯಿತು. ವಾಯುಪಡೆಯ ವಿಮಾನಗಳ ಜೊತೆ ಖಾಸಗಿ ಕಂಪನಿಗಳ ವಿಮಾನಗಳೂ ಆ ಸಾಗಣೆಯಲ್ಲಿದ್ದವು. ಮೊಟ್ಟಮೊದಲು ಇಳಿದದ್ದು ಬಿಜು ಎಂದು ಒಡಿಶಾದಲ್ಲಿ ಕೇಳುತ್ತೀರಿ, ವಾಯುಪಡೆಯ ಇತಿಹಾಸ ಬರೆದವರು ಆ ಗೌರವವನ್ನು ತಮ್ಮ 12ನೆಯ ಸ್ಕ್ವಾಡ್ರನ್‌ಗೆ ಕೊಡುತ್ತಾರೆ. ಸಾಗಣೆ ಪೈಲಟ್‌ಗೆ ಮೊದಲು ಇಳಿಯುವುದಕ್ಕಿಂತ ಹತ್ತನೆಯ ಸಲ ಇಳಿಯುವುದು ಕಷ್ಟದ ಕೆಲಸ. ಈ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ.

ಫೈಲಿಗಿಂತ ಮುಂಚೆ ಬಂದ ಬಂದರು

1950ರ ದಶಕವನ್ನು ಬಿಜು ಕೈಗಾರಿಕೋದ್ಯಮಿಯಾಗಿ ಕಳೆದರು. ಚೌದ್ವಾರದಲ್ಲಿ ಕಳಿಂಗ ಟ್ಯೂಬ್ಸ್, ಬಟ್ಟೆ ಗಿರಣಿ, ಬೇರೆ ಕಡೆ ಕಬ್ಬಿಣದ ಕಾರ್ಖಾನೆ. 1953ರಲ್ಲಿ ವಿಮಾನ ಕಂಪನಿಗಳ ರಾಷ್ಟ್ರೀಕರಣವಾಗಿ ಕಳಿಂಗ ಏರ್‌ಲೈನ್ಸ್ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಕರಗಿತು. ಆದರೂ ಆ ಹೆಸರಿನ ಡಕೋಟಾಗಳು ಈಶಾನ್ಯದ ಬೆಟ್ಟಗಳ ಗಡಿ ಠಾಣೆಗಳಿಗೆ ಆಕಾಶದಿಂದ ಅಕ್ಕಿ, ಉಪ್ಪು ಉದುರಿಸುವ ಕೆಲಸದಲ್ಲಿ ಮುಂದುವರಿದವು. ವಿಜ್ಞಾನವನ್ನು ಜನರಿಗೆ ತಿಳಿಸುವವರಿಗೆ ಯುನೆಸ್ಕೋ ಕೊಡುವ ಕಳಿಂಗ ಪ್ರಶಸ್ತಿ ಅವರು ಕೊಟ್ಟ ಹಣದಿಂದ ಶುರುವಾದದ್ದು. 1952ರಲ್ಲಿ ಮೊದಲು ಪಡೆದವರು ಭೌತವಿಜ್ಞಾನಿ ಲೂಯಿ ದ ಬ್ರಾಯ್.

1961ರ ಮಧ್ಯಂತರ ಚುನಾವಣೆಯಲ್ಲಿ ಬಿಜು ಕಾಂಗ್ರೆಸ್ಸನ್ನು ಮುನ್ನಡೆಸಿ 140ರಲ್ಲಿ 82 ಸ್ಥಾನ ಗೆದ್ದು ಜೂನ್ 23ರಂದು ಮುಖ್ಯಮಂತ್ರಿಯಾದರು. ಒಡಿಶಾದ ಸಮಸ್ಯೆ ಅವರಿಗೆ ಕಂಡದ್ದು ಸಾಗಣೆಯ ಸಮಸ್ಯೆಯಾಗಿಯೇ. ದೈತಾರಿಯ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿದೆ, ಕೊಳ್ಳಲು ಜಪಾನ್ ಕಾದಿದೆ, ನಡುವೆ ರಸ್ತೆಯಿಲ್ಲ, ರಸ್ತೆಯ ಕೊನೆಗೆ ಬಂದರಿಲ್ಲ. ಮಹಾನದಿ ಸಮುದ್ರ ಸೇರುವ ಪಾರಾದೀಪ್ ಆಗ ಜೌಗು, ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಸೊಳ್ಳೆ. ದೊಡ್ಡ ಬಂದರು ಕಟ್ಟುವುದು ಕೇಂದ್ರದ ಕೆಲಸ, ಕೇಂದ್ರಕ್ಕೆ ಅವಸರವಿರಲಿಲ್ಲ. ಸಾಮಾನ್ಯ ಮುಖ್ಯಮಂತ್ರಿ ಇಲ್ಲಿ ಮಾಡುವುದು ಪತ್ರ ಬರೆಯುವ ಕೆಲಸ. ಬಿಜು ರಾಜ್ಯದ ಲೆಕ್ಕದಲ್ಲೇ ಕೆಲಸ ಶುರುಮಾಡಿಸಿದರು. 1962ರ ಜನವರಿ 3ರಂದು ಸಾಕ್ಷಾತ್ ನೆಹರೂ ಅವರ ಕೈಯಲ್ಲಿ ಶಂಕುಸ್ಥಾಪನೆ ಮಾಡಿಸಿದರು. ಪ್ರಧಾನಿ ಕಲ್ಲು ನೆಟ್ಟ ಮೇಲೆ ಅದನ್ನು ಕಿತ್ತುಹಾಕಿ ಎನ್ನುವ ಗುಮಾಸ್ತ ದೆಹಲಿಯಲ್ಲಿ ಯಾರಿದ್ದಾರೆ?

ಜಾವಾದಲ್ಲಿ ಇಂಧನ ಸಿಗುತ್ತದೆ ಎಂದು ಹೊರಟಂತೆಯೇ ಇದೂ. ಮೊದಲು ಏಳುವುದು, ಉಳಿದದ್ದನ್ನು ಅಲ್ಲಿ ಇಳಿದು ನೋಡಿಕೊಳ್ಳುವುದು. ಇಂಧನ ಈ ಸಲವೂ ಸಿಕ್ಕಿತು. 1965ರ ಜೂನ್‌ನಲ್ಲಿ ಕೇಂದ್ರ ಬಂದರನ್ನು ತನ್ನ ವಶಕ್ಕೆ ತೆಗೆದುಕೊಂಡಿತು. 1966ರ ಮಾರ್ಚ್ 12ರಂದು ಉದ್ಘಾಟನೆಯಾಗಿ, ಅದೇ ದಿನ ನೌಕಾಪಡೆಯ ಐಎನ್‌ಎಸ್ ಇನ್ವೆಸ್ಟಿಗೇಟರ್ ಮೊದಲ ಹಡಗಾಗಿ ದಡ ಮುಟ್ಟಿತು. ಏಪ್ರಿಲ್‌ನಲ್ಲಿ ದೇಶದ ಎಂಟನೆಯ ಪ್ರಮುಖ ಬಂದರು ಎಂಬ ಘೋಷಣೆ. ಸ್ವಾತಂತ್ರ್ಯದ ನಂತರ ಪೂರ್ವ ಕರಾವಳಿಯಲ್ಲಿ ಕಟ್ಟಿದ ಮೊದಲ ಪ್ರಮುಖ ಬಂದರು ಅದು. ಆ ದಿನ ಮುಖ್ಯಮಂತ್ರಿಯ ಕುರ್ಚಿಯಲ್ಲಿ ಬಿಜು ಇರಲಿಲ್ಲ.

ಅವರು ಇಳಿದದ್ದು 1963ರ ಅಕ್ಟೋಬರ್ 2ರಂದು, ಹಿರಿಯ ನಾಯಕರು ಹುದ್ದೆ ಬಿಟ್ಟು ಪಕ್ಷದ ಕೆಲಸಕ್ಕೆ ಇಳಿಯಬೇಕೆಂಬ ಕಾಮರಾಜ್ ಯೋಜನೆಯ ಪ್ರಕಾರ ರಾಜೀನಾಮೆ ಕೊಟ್ಟ ಆರು ಮುಖ್ಯಮಂತ್ರಿಗಳಲ್ಲಿ ಒಬ್ಬರಾಗಿ. ಎರಡು ವರ್ಷ ಮೂರು ತಿಂಗಳು, ಅಷ್ಟೇ. ಆ ಅವಧಿಯಲ್ಲೇ ಚೀನಾ ಯುದ್ಧ ಬಂದು ನೆಹರೂ ಬಿಜು ಅವರನ್ನು ಸಲಹೆಗಾಗಿ ದೆಹಲಿಗೆ ಕರೆಸಿಕೊಂಡಿದ್ದರು. ಗುಪ್ತ ವಿಮಾನ ಕಾರ್ಯಾಚರಣೆಗಳ ನೆಲೆ ಕಟಕ್ ಬಳಿಯ ಚಾರ್ಬತಿಯಾದಲ್ಲಿ ತಲೆಯೆತ್ತಿದ್ದರಲ್ಲಿ ಅವರ ಪಾಲಿದೆ. ಮಿಗ್ ಯುದ್ಧವಿಮಾನದ ಎಂಜಿನ್ ಕಾರ್ಖಾನೆ ಕೋರಾಪುಟ್‌ನ ಸುನಾಬೆಡಾಕ್ಕೆ ಬಂದದ್ದರಲ್ಲೂ ಇದೆ. ಎಚ್‌ಎಎಲ್ ಎಂದರೆ ಬೆಂಗಳೂರು ಎಂದಷ್ಟೇ ತಿಳಿದಿರುವ ನಮ್ಮಲ್ಲಿ, ಮಿಗ್‌ನ ಒಡಲು ನಾಸಿಕ್‌ನಲ್ಲಿ, ಗುಂಡಿಗೆ ಕೋರಾಪುಟ್‌ನ ಕಾಡಿನಲ್ಲಿ ತಯಾರಾಗುತ್ತಿತ್ತು ಎಂಬುದು ಎಷ್ಟು ಜನರಿಗೆ ಗೊತ್ತು?

ಲೆಕ್ಕ ಕೇಳಿದಾಗ

ಕಾಕ್‌ಪಿಟ್‌ನಲ್ಲಿ ವಿಮಾನದ ಮಾಲೀಕ, ಚಾಲಕ, ಪ್ರಯಾಣದ ಗುತ್ತಿಗೆದಾರ ಮೂವರೂ ಒಬ್ಬನೇ ಆಗಿದ್ದರೆ ಕೆಲಸ ಬೇಗ ಆಗುತ್ತದೆ. ಸರ್ಕಾರದಲ್ಲಿ ಕೊಳ್ಳುವವನೂ ಮಾರುವವನೂ ಒಂದೇ ಮನೆಯಿಂದ ಬಂದರೆ ಅದಕ್ಕೆ ಬೇರೆ ಹೆಸರಿದೆ. ಬಿಜು ಮುಖ್ಯಮಂತ್ರಿಯಾಗುವಾಗ ಕಳಿಂಗ ಗುಂಪಿನ ಆಡಳಿತದಿಂದ ಹೊರಬಂದರೂ ಕಂಪನಿಗಳು ಕುಟುಂಬದ ಸುತ್ತಲೇ ಇದ್ದವು. ಆ ಕಂಪನಿಗಳ ಜೊತೆ ರಾಜ್ಯ ಸರ್ಕಾರದ ವ್ಯವಹಾರವೂ ನಡೆಯಿತು. 1964ರಲ್ಲಿ ಸಿಬಿಐ ಪ್ರಾಥಮಿಕ ತನಿಖೆ. ಕೇಂದ್ರ ಸಂಪುಟದ ಉಪಸಮಿತಿ ಕಡತ ನೋಡಿತು, ಅನೌಚಿತ್ಯದ ಮಾತು ಬಂತು. ಬಿಜು ನಂತರ ಮುಖ್ಯಮಂತ್ರಿಯಾಗಿದ್ದ ಬಿರೇನ್ ಮಿತ್ರಾ 1965ರ ಫೆಬ್ರುವರಿಯಲ್ಲಿ ಕುರ್ಚಿ ಬಿಡಬೇಕಾಯಿತು. 1967ರಲ್ಲಿ ಒಡಿಶಾ ಕಾಂಗ್ರೆಸ್ಸಿನ ಕೈ ತಪ್ಪಿತು, ಆರ್. ಎನ್. ಸಿಂಗ್ ದೇವ್ ಅವರ ಸ್ವತಂತ್ರ ಪಕ್ಷ–ಜನ ಕಾಂಗ್ರೆಸ್ ಸರ್ಕಾರ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರ ಏಕಸದಸ್ಯ ಆಯೋಗವನ್ನು ನೇಮಿಸಿತು.

ಬಿಜು ಪರ ಮಾತನಾಡುವವರು ಇದನ್ನು ವೈರಿಗಳ ಸೇಡು ಎನ್ನುತ್ತಾರೆ. ಸೇಡೂ ಇತ್ತು, ಇಲ್ಲವೆನ್ನಲಾಗದು. ಆದರೆ ಸೇಡಿಗೆ ಸಿಗುವಂತೆ ಬಾಗಿಲು ತೆರೆದಿಟ್ಟವರು ಯಾರು? ಪಾರಾದೀಪ್‌ನಲ್ಲಿ ಯಾವ ಸ್ವಭಾವ ಬಂದರು ಕಟ್ಟಿತೋ ಅದೇ ಸ್ವಭಾವ ಇಲ್ಲಿ ಕಡತವನ್ನು ಖಾಲಿ ಬಿಟ್ಟಿತ್ತು. ಫೈಲಿನ ಟಿಪ್ಪಣಿ, ಟೆಂಡರಿನ ಹಂತ, ಹಣಕಾಸು ಇಲಾಖೆಯ ಒಪ್ಪಿಗೆ ಇವೆಲ್ಲ ಕೆಲಸ ತಡಮಾಡಲೆಂದೇ ಹುಟ್ಟಿದ ಪೀಡೆಗಳು ಎಂದು ನಂಬಿದವನಿಗೆ ಒಂದು ವಿಷಯ ಹೊಳೆಯುವುದಿಲ್ಲ: ನಾಳೆ ಯಾರಾದರೂ ಪ್ರಶ್ನಿಸಿದಾಗ ಪ್ರಾಮಾಣಿಕನ ಪರವಾಗಿ ಸಾಕ್ಷಿ ಹೇಳುವುದೂ ಅದೇ ಟಿಪ್ಪಣಿ. ವಿಮಾನಕ್ಕೂ ಲಾಗ್ ಪುಸ್ತಕ ಇರುತ್ತದೆ. ಆದರೆ ಶಹ್ರೀರ್, ಲೋಹಿಯಾ, ಅರುಣಾ ಅವರನ್ನು ಕೂರಿಸಿಕೊಂಡು ಹಾರಿದವರು ಪುಸ್ತಕದಲ್ಲಿ ಎಲ್ಲವನ್ನೂ ಬರೆಯದಿರುವುದನ್ನೇ ವಿದ್ಯೆಯಾಗಿ ಕಲಿತಿದ್ದರು. ವಿದೇಶಿ ಸರ್ಕಾರದ ಎದುರು ಅದು ಶೌರ್ಯ. ಸ್ವಂತ ಸರ್ಕಾರದಲ್ಲಿ ಅದೇ ಅಭ್ಯಾಸ ಆಯೋಗದ ಮುಂದೆ ಕೂರಿಸುತ್ತದೆ.

ಆ ಏಟಿನಿಂದ ಸುಧಾರಿಸಿಕೊಳ್ಳಲು ಅವರಿಗೆ ಹತ್ತು ವರ್ಷವೇ ಬೇಕಾಯಿತು. ಇಂದಿರಾ ಗಾಂಧಿಯವರ ಜೊತೆ ಮುರಿದುಕೊಂಡು ಉತ್ಕಲ ಕಾಂಗ್ರೆಸ್ ಕಟ್ಟಿದರು, ಆಮೇಲೆ ಅದನ್ನು ಭಾರತೀಯ ಲೋಕದಳದಲ್ಲಿ ಸೇರಿಸಿದರು. 1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಬಂದಾಗ ಮೊದಮೊದಲೇ ಬಂಧನಕ್ಕೊಳಗಾದವರಲ್ಲಿ ಬಿಜು ಇದ್ದರು. ಎರಡು ಸರ್ಕಾರ, ಎರಡು ಧ್ವಜ, ಎರಡೂ ಕಾಲದಲ್ಲಿ ಜೈಲು. 1976ರ ಏಪ್ರಿಲ್‌ನಲ್ಲಿ ಬಂಧಿತರಿಗೆ ನ್ಯಾಯಾಲಯದ ಬಾಗಿಲು ತಟ್ಟುವ ಹಕ್ಕೂ ಇಲ್ಲ ಎಂದು ಸುಪ್ರೀಂ ಕೋರ್ಟ್ ನಾಲ್ಕು–ಒಂದರ ಬಹುಮತದಲ್ಲಿ ಹೇಳಿತು. ಭಿನ್ನಮತದ ಆ ಒಬ್ಬ ನ್ಯಾಯಮೂರ್ತಿ ಎಚ್. ಆರ್. ಖನ್ನಾ. ಬಿಜು ಮೇಲಿನ ಆರೋಪಗಳನ್ನು ಕೆದಕಿ ನೋಡಿದ ಅದೇ ವ್ಯಕ್ತಿ ಬಿಜು ಅವರಂಥ ಬಂಧಿತರ ಹಕ್ಕಿಗಾಗಿ ಒಂಟಿಯಾಗಿ ನಿಂತರು, ಆ ಬರಹಕ್ಕೆ ಮುಖ್ಯ ನ್ಯಾಯಮೂರ್ತಿ ಸ್ಥಾನವನ್ನು ತೆತ್ತರು.

ಎರಡನೆಯ ಸರದಿ

1977ರಲ್ಲಿ ಕೇಂದ್ರಪಾಡಾದಿಂದ ಲೋಕಸಭೆಗೆ, ಉಕ್ಕು ಮತ್ತು ಗಣಿ ಖಾತೆಯ ಸಚಿವ. ಅದರ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. 1990ರಲ್ಲಿ ಜನತಾದಳ 147ರಲ್ಲಿ 123 ಸ್ಥಾನ ಬಾಚಿಕೊಂಡಾಗ ತಮ್ಮ 74ನೆಯ ಹುಟ್ಟುಹಬ್ಬದ ದಿನವೇ, ಮಾರ್ಚ್ 5ರಂದು, ಮತ್ತೆ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಈ ಸಲ ಕೈಯಲ್ಲಿದ್ದದ್ದು ದಣಿದ ರಾಜ್ಯ, ಖಾಲಿ ಖಜಾನೆ. ಹಳೆಯ ಸಿಡುಕು ಹಾಗೇ ಇತ್ತು. ಲಂಚ ಕೇಳುವ ಅಧಿಕಾರಿಗಳಿಗೆ ನಾಲ್ಕು ಬಿಡಿ ಎಂದು ಜನರಿಗೆ ಬಹಿರಂಗವಾಗಿಯೇ ಹೇಳಿದರು. ಮುಖ್ಯಮಂತ್ರಿಯ ಬಾಯಿಂದ ಬರಬಾರದ ಮಾತು ಅದು. ತಾನೇ ನಡೆಸುವ ಯಂತ್ರಕ್ಕೆ ತಾನೇ ಒದೆಯುವ ಪೈಲಟ್‌ನನ್ನು ಯಾರೂ ಮೆಚ್ಚುವುದಿಲ್ಲ.

ಆದರೆ ಇದೇ ಅವಧಿಯಲ್ಲಿ ಅವರು ಮಾಡಿದ ಒಂದು ಕೆಲಸ ಹಳೆಯ ಪದ್ಧತಿಗೆ ಹೊಸ ತಿರುವು. ಪಂಚಾಯತ್‌ಗಳಲ್ಲಿ ಮೂರನೆಯ ಒಂದು ಭಾಗವನ್ನು ಮಹಿಳೆಯರಿಗೆ ಮೀಸಲಿಡುವ ಕಾನೂನನ್ನು ಒಡಿಶಾ ಸಂವಿಧಾನದ 73ನೆಯ ತಿದ್ದುಪಡಿಗಿಂತ ಮುಂಚೆಯೇ ತಂದಿತು, 1992ರಲ್ಲಿ ಅದರಂತೆ ಚುನಾವಣೆಯನ್ನೂ ನಡೆಸಿತು. ನಮ್ಮ ಓದುಗರಿಗೆ ಇದು ಪರಿಚಿತ ದಾರಿ: 1983ರ ಕಾಯ್ದೆಯಲ್ಲಿ ಶೇ 25ರಷ್ಟು ಮೀಸಲು ತಂದು ನಜೀರ್ ಸಾಬ್ 1987ರಲ್ಲೇ ಮಂಡಲ ಪಂಚಾಯಿತಿಗಳಿಗೆ ಮಹಿಳೆಯರನ್ನು ಕರೆತಂದಿದ್ದರು. ದೆಹಲಿಯ ಅಪ್ಪಣೆಗೆ ಕಾಯದೆ ಹೊರಟದ್ದು ಬಿಜು ಅವರ ಹಳೆಯ ಚಾಳಿಯೇ. ವ್ಯತ್ಯಾಸವೆಂದರೆ, ಈ ವಿಮಾನವನ್ನು ಹಾರಿಸಲು ಅವರೇ ಕೂರಬೇಕಿರಲಿಲ್ಲ. ಕಾನೂನು ಪುಸ್ತಕಕ್ಕೆ ಹೋಯಿತು, ಸಾವಿರಾರು ಊರುಗಳಲ್ಲಿ ಅವರಿಗೆ ಗೊತ್ತೇ ಇರದ ಹೆಂಗಸರು ಕುರ್ಚಿಯಲ್ಲಿ ಕೂತರು. 1995ರಲ್ಲಿ ಅವರ ಪಕ್ಷ ಸೋತಾಗಲೂ ಆ ಕುರ್ಚಿಗಳು ಅಲ್ಲೇ ಉಳಿದವು. ಅವರ ಕೆಲಸಗಳಲ್ಲಿ ನನಗೆ ಪಾರಾದೀಪ್‌ಗಿಂತ ಇದು ದೊಡ್ಡದಾಗಿ ಕಾಣುತ್ತದೆ. ಒಡಿಶಾದಲ್ಲಿ ಇದನ್ನು ಹೇಳಿದರೆ ಒಪ್ಪುವವರು ಕಡಿಮೆ.

ಬಿಜು ತೀರಿಕೊಂಡದ್ದು 1997ರ ಏಪ್ರಿಲ್ 17ರಂದು, ದೆಹಲಿಯಲ್ಲಿ. ಅಂತ್ಯಸಂಸ್ಕಾರ ಪುರಿಯ ಸ್ವರ್ಗದ್ವಾರದಲ್ಲಿ. ಭುವನೇಶ್ವರದ ವಿಮಾನ ನಿಲ್ದಾಣಕ್ಕೆ ಅವರ ಹೆಸರು ಬಂತು.

ಕಳಿಂಗ ಏರ್‌ಲೈನ್ಸ್‌ನ ಒಂದು ಡಕೋಟಾ, ವಿಟಿ-ಎಯುಐ, ಕೋಲ್ಕತ್ತಾ ವಿಮಾನ ನಿಲ್ದಾಣದ ಮೂಲೆಯಲ್ಲಿ ದಶಕಗಳ ಕಾಲ ಹುಲ್ಲಿನ ನಡುವೆ ತುಕ್ಕು ತಿನ್ನುತ್ತ ನಿಂತಿತ್ತು. ಅದನ್ನು ಭುವನೇಶ್ವರಕ್ಕೆ ತರುವ ತೀರ್ಮಾನವಾಯಿತು. ವಿಮಾನ ನಿಲ್ದಾಣ ಪ್ರಾಧಿಕಾರ ಒಡಿಶಾ ಸರ್ಕಾರಕ್ಕೆ ಒಪ್ಪಿಸಬೇಕಾದ ಕ್ರಮದಲ್ಲೇ ಒಪ್ಪಿಸಿತು. 2023ರ ಜನವರಿಯಲ್ಲಿ, 29 ಮೀಟರ್ ಅಗಲದ ರೆಕ್ಕೆಗಳನ್ನು ಕಳಚಿ, ಬಾಲವನ್ನು ಬೇರೆ ಮಾಡಿ ಟ್ರೈಲರ್ ಲಾರಿಗಳ ಮೇಲೆ ಹೊರಿಸಿದರು. ಹೆದ್ದಾರಿಯುದ್ದಕ್ಕೂ ಜನ ನಿಂತು ಮೊಬೈಲ್ ಎತ್ತಿ ಹಿಡಿದರು. ಆಕಾಶದಲ್ಲಿ ಎರಡು ತಾಸಿನೊಳಗೆ ಮುಗಿಸುತ್ತಿದ್ದ ದಾರಿಯನ್ನು ಆ ಡಕೋಟಾ ಈ ಸಲ ರಸ್ತೆಯ ಮೇಲೆ, ಮುಂದೆ ಪೊಲೀಸ್ ವಾಹನ ಬಿಟ್ಟುಕೊಂಡು, ಎಲ್ಲ ಕಾಗದಪತ್ರಗಳೊಂದಿಗೆ, ನಿಧಾನವಾಗಿ ಸವೆಸಿತು.